ಮೊಮ್ಮಗಳ ಮಸೂದೆ

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಹೋದರೆ ನಮ್ಮ ರೂಪನಗುಡಿ ಕಡೆಯವರಿಗೆ ಎರಡು ಕೆಲಸ ತಪ್ಪುವುದಿಲ್ಲ. ಒಂದು, ತೇರಿಗೆ ಬಾಳೆಹಣ್ಣು ಎಸೆಯುವುದು. ಇನ್ನೊಂದು, ಒಗ್ಗರಣೆ ಮಿರ್ಚಿ ತಿನ್ನುವುದು. ಕಳೆದ ಜಾತ್ರೆಯಲ್ಲಿ ಮೊಮ್ಮಗಳು ಮೂರನೆಯದೊಂದು ಕೆಲಸ ಸೇರಿಸಿದಳು. ಹಲಗೆಗೆ ಸಾಲಾಗಿ ಬಲೂನು ಕಟ್ಟಿದ್ದ ಅಂಗಡಿಯ ಮುಂದೆ ನಿಂತು, ಏರ್ ಗನ್ ಹಿಡಿದು ಹತ್ತು ಸಲ ಹೊಡೆದಳು. ಎಂಟು ಬಲೂನು ಒಡೆದವು.

"ಪಾಪಗೆ ಒಳ್ಳೆ ಗುರಿ ಐತೆ ಯಜಮಾನ್ರೆ, ಇನ್ನೊಂದು ಹತ್ತು ಹೊಡೀಲಿ, ದುಡ್ಡು ಬ್ಯಾಡ" ಎಂದ ಅಂಗಡಿಯವನು.

ನಾನು ಅವಳ ಕೈಯಿಂದ ಬಂದೂಕು ಬಿಡಿಸಿ, ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಮನೆ ಹತ್ತಿರ ಬಂದಾಗ ಒಂದೇ ಮಾತು: "ಬೇರೆ ತಾತಂದಿರು ಫೋಟೊ ತೆಗೀತಾರೆ. ನೀನು ಎಳ್ಕೊಂಡು ಬರ್ತಿ."

ಅವಳಿಗೆ ಉತ್ತರ ಕೊಡಲಿಲ್ಲ. ಕೊಡಬೇಕಾದ ಉತ್ತರವನ್ನು ನಾನು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಯಾರಿಗೂ ಕೊಟ್ಟಿರಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಂಬತ್ತನೇ ತರಗತಿಯವರಿಂದ ಅಣಕು ವಿಧಾನಸಭೆ ನಡೆಸುವುದೆಂದು ಮೇಷ್ಟ್ರು ತೀರ್ಮಾನಿಸಿದರು. ಒಬ್ಬ ಸಭಾಧ್ಯಕ್ಷ, ಒಬ್ಬ ಮುಖ್ಯಮಂತ್ರಿ, ಒಂದಿಷ್ಟು ಮಂತ್ರಿಗಳು, ಜೋರು ಬಾಯಿಯವರೆಲ್ಲ ವಿರೋಧ ಪಕ್ಷ. ನಮ್ಮವಳು ಕ್ರೀಡಾ ಮಂತ್ರಿ. ಮಂತ್ರಿಯಾದವರು ಒಂದು ಮಸೂದೆ ಮಂಡಿಸಬೇಕಂತೆ. ರಾತ್ರಿ ಊಟಕ್ಕೆ ಕೂತಾಗ ಅವಳು ನೋಟ್‌ಬುಕ್ ತೆರೆದು ಓದಿದಳು: "ಜಿಲ್ಲೆಗೊಂದು ಸಾರ್ವಜನಿಕ ಶೂಟಿಂಗ್ ಕ್ರೀಡಾ ಕೇಂದ್ರ ಸ್ಥಾಪಿಸುವ ಮಸೂದೆ."

"ಕಬಡ್ಡಿ ಬಗ್ಗೆ ಬರಿ, ಖೊಖೊ ಬಗ್ಗೆ ಬರಿ. ಬಂದೂಕಿನ ಉಸಾಬರಿ ನಮಗ್ಯಾಕೆ?" ಎಂದೆ.

"ತಾತ, ಸುಮ್ನೆ ಬ್ಯಾಡ ಅನ್ನಂಗಿಲ್ಲ. ವಿರೋಧ ಪಕ್ಷದವ್ರು ಕಾರಣ ಕೊಡ್ಬೇಕು."

ಸರಿ, ನಾನೇ ವಿರೋಧ ಪಕ್ಷವಾದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕಡತ ತಿರುವಿದವನು, ಆಕ್ಷೇಪಣೆ ಬರೆಯುವುದು ನನಗೆ ಹೊಸದೇ?

ಮೊದಲ ಆಕ್ಷೇಪಣೆ, ಅಧಿಕಾರದ್ದು. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾರು ಯಾವ ವಿಷಯಕ್ಕೆ ಕಾನೂನು ಮಾಡಬೇಕೆಂದು ಪಟ್ಟಿಗಳಿವೆ. ಕ್ರೀಡೆ ರಾಜ್ಯ ಪಟ್ಟಿಯ 33ನೇ ವಿಷಯದಲ್ಲಿದೆ. ಆದರೆ ಬಂದೂಕು, ಮದ್ದುಗುಂಡು ಕೇಂದ್ರ ಪಟ್ಟಿಯ 5ನೇ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ಮಾಡಿದ್ದು ಸಂಸತ್ತು. "ನಿನ್ನ ವಿಧಾನಸಭೆಗೆ ಬಂದೂಕಿನ ಮೇಲೆ ಅಧಿಕಾರವೇ ಇಲ್ಲವಲ್ಲ ಮಂತ್ರಿಗಳೇ?" ಎಂದು ಕೇಳಿದೆ.

ಅವಳು ಎರಡು ದಿನ ಮೇಷ್ಟ್ರ ತಲೆ ತಿಂದು ಉತ್ತರ ತಂದಳು. ಜಾಗ ಕೊಡುವುದು, ಕಟ್ಟಡ ಕಟ್ಟುವುದು, ತರಬೇತುದಾರರನ್ನು ನೇಮಿಸುವುದು, ಬಡ ಮಕ್ಕಳಿಗೆ ಶುಲ್ಕ ಬಿಡುವುದು, ಇವೆಲ್ಲ ಕ್ರೀಡೆಗೆ ಸೇರಿದ್ದು. ಅದನ್ನು ರಾಜ್ಯ ಮಾಡಬಹುದು. ಬಂದೂಕು ಯಾರ ಹತ್ತಿರ ಇರಬೇಕು, ಎಷ್ಟು ವಯಸ್ಸಿಗೆ ಪರವಾನಗಿ ಎಂಬುದು ಕೇಂದ್ರದ ಕಾಯ್ದೆಯ ಪ್ರಕಾರವೇ ನಡೆಯಬೇಕು. 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ತರಬೇತಿಗೆಂದು ಬರುವ ಮಕ್ಕಳು ಹಿರಿಯರ ಕಣ್ಣೆದುರಿಗೇ ಬಳಸಬೇಕು. ಹತ್ತು ಮೀಟರ್ ಸ್ಪರ್ಧೆಯ 0.177 ಏರ್ ರೈಫಲ್ ನಿಗದಿತ ಶಕ್ತಿ ಮೀರದಿದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ. "ಮೊದಲನೇ ವರ್ಷ ಬರೀ ಏರ್ ರೈಫಲ್, ಏರ್ ಪಿಸ್ತೂಲು. ಮದ್ದಿನ ಬಂದೂಕಿನ ಮಾತೇ ಇಲ್ಲ" ಎಂದು ಹೊಸ ಕಲಂ ಸೇರಿಸಿದ್ದಳು.

ಎರಡನೇ ಆಕ್ಷೇಪಣೆ, ದುಡ್ಡಿನದು. ಇದು ಸಾಹುಕಾರರ ಆಟ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. ಭಾರತೀಯರೊಬ್ಬರು ಒಲಿಂಪಿಕ್ಸ್‌ನಲ್ಲಿ ಒಂಟಿಯಾಗಿ ಗೆದ್ದ ಮೊದಲ ಚಿನ್ನ ಅದು. ಅವರ ಕೊನೆಯ ಗುಂಡಿಗೆ ಬಂದ ಅಂಕ 10.8. ನಿಜವೇ. ಆದರೆ ಅವರ ತಂದೆ ಮಗನಿಗಾಗಿ ಮನೆಯ ಆವರಣದಲ್ಲೇ ಅಭ್ಯಾಸದ ರೇಂಜ್ ಕಟ್ಟಿಸಿಕೊಟ್ಟಿದ್ದರು. "ನಮ್ಮ ಮನೆಯಲ್ಲಿ ಎಮ್ಮೆ ಕಟ್ಟುವುದಕ್ಕೇ ಜಾಗ ಸಾಲದು" ಎಂದೆ.

"ಅದಕ್ಕೇ ತಾತ ಸಾರ್ವಜನಿಕ ಅಂತ ಬರ್ದಿರೋದು" ಎಂದಳು. ಆಮೇಲೆ ಸ್ವಪ್ನಿಲ್ ಕುಸಾಳೆ ಅವರ ಕಥೆ ಹೇಳಿದಳು. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯ ಹುಡುಗ, ತಂದೆ ಶಾಲೆಯ ಮೇಷ್ಟ್ರು. ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಯೋಜನೆಯಲ್ಲಿ ಆಯ್ಕೆಯಾಗಿ ಶೂಟಿಂಗ್ ಕಲಿತು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಕೆಲಸ ಮಾಡುತ್ತಲೇ ಅಭ್ಯಾಸ ಮಾಡಿ, 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದರು. "ಬಿಂದ್ರಾಗೆ ಅವರಪ್ಪ ರೇಂಜ್ ಕಟ್ಸಿದ್ರು. ಕುಸಾಳೆಗೆ ಸರ್ಕಾರ ದಾರಿ ಮಾಡ್ತು. ನಂಗೆ ಯಾರು ಮಾಡ್ತಾರೆ?"

ಅಲ್ಲೇ ಕೂತಿದ್ದ ನನ್ನ ಹೆಂಡತಿಗೆ ಇದರಲ್ಲಿ ರುಚಿ ಹತ್ತಿತು. ಅವಳಿಗಾಗಿ ಮೊಮ್ಮಗಳು ಇನ್ನೊಂದು ಕಥೆ ತೆಗೆದಳು. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಹಳ್ಳಿಯಲ್ಲಿ ಚಂದ್ರೋ ತೋಮರ್ ಎಂಬ ಅಜ್ಜಿ ಇದ್ದರು. ಅರವತ್ತೈದು ದಾಟಿದ ವಯಸ್ಸಿನಲ್ಲಿ ಮೊಮ್ಮಗಳನ್ನು ಊರಿನ ರೈಫಲ್ ಕ್ಲಬ್‌ಗೆ ಕರೆದುಕೊಂಡು ಹೋದರು. ಮೊಮ್ಮಗಳು ಹೆದರಿ ನಿಂತಾಗ, ಇಲ್ಲಿ ಕೊಡು ಎಂದು ತಾವೇ ಹೊಡೆದರು. ಗುರಿ ತಪ್ಪಲಿಲ್ಲ. ಆಮೇಲೆ ಹಿರಿಯರ ಸ್ಪರ್ಧೆಗಳಲ್ಲಿ ಪದಕದ ಮೇಲೆ ಪದಕ ಗೆದ್ದರು. ದೇಶವೆಲ್ಲ 'ಶೂಟರ್ ದಾದಿ' ಎಂದು ಕರೆಯಿತು. 2021ರ ಏಪ್ರಿಲ್ 30ರಂದು ಕೋವಿಡ್‌ನಿಂದ ತೀರಿಕೊಂಡರು.

"ನೋಡಿದ್ರಾ, ಅಜ್ಜಿಯಾದೋಳೇ ಹೊಡೆದಾಳೆ. ನೀವು ಮಗೀಗೆ ಬ್ಯಾಡ ಅಂತೀರಿ" ಎಂದಳು ನನ್ನವಳು.

ನನ್ನ ಬಳಿ ಇದ್ದ ಆಕ್ಷೇಪಣೆಗಳು ಮುಗಿದಿದ್ದವು. ಉಳಿದಿದ್ದು ಒಂದೇ, ಅದು ಕಾರಣ. ಅವತ್ತು ರಾತ್ರಿ ಅಂಗಳದಲ್ಲಿ ಮಂಚ ಹಾಕಿಕೊಂಡು ಕೂತಾಗ ಅದನ್ನು ಹೇಳಿದೆ.

ಆಗ ನನಗೆ ಹತ್ತು ವರ್ಷ, ಅಣ್ಣನಿಗೆ ಹದಿಮೂರು. ನಮ್ಮ ಶೇಂಗಾ ಹೊಲಕ್ಕೆ ಕಾಡುಹಂದಿ ಕಾಟ. ರಾತ್ರಿ ಕಾವಲಿಗೆ ಪಕ್ಕದ ಹೊಲದ ಹಿರಿಯರೊಬ್ಬರು ಕೇಪಿನ ಬಂದೂಕು ತರುತ್ತಿದ್ದರು. ಹಂದಿ ಬಂದ ಸದ್ದಾದರೆ ಆಕಾಶಕ್ಕೆ ಒಂದು ಗುಂಡು. ಒಂದು ಬೆಳಿಗ್ಗೆ ಅವರು ಬಂದೂಕನ್ನು ನಮ್ಮ ಗುಡಿಸಲಿನ ಮೂಲೆಗೆ ಒರಗಿಸಿ ಬಾವಿಗೆ ಮುಖ ತೊಳೆಯಲು ಹೋದರು. ನಾನು ಎತ್ತಿಕೊಂಡೆ. "ಮುಟ್ಟಬ್ಯಾಡಲೇ" ಎಂದ ಅಣ್ಣ. "ರಾತ್ರೀನೇ ಹೊಡೆದಾರೆ, ಖಾಲಿ ಐತೆ" ಎಂದೆ. ರಾತ್ರಿ ಹೊಡೆದದ್ದು ನಿಜ. ಮತ್ತೆ ತುಂಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ನಾಟಕದಲ್ಲಿ ನೋಡಿದಂತೆ ಅಣ್ಣನ ಕಡೆ ಹಿಡಿದು ಕುದುರೆ ಎಳೆದೆ.

ಬಹುಪಾಲು ಚರೆ ಗುಡಿಸಲಿನ ಗರಿ ಸೀಳಿಕೊಂಡು ಹೋದವು. ಮೂರು ನಾಲ್ಕು ಅಣ್ಣನ ಮುಖಕ್ಕೆ ಬಡಿದವು. ಗಾಡಿ ಕಟ್ಟಿ ಬಳ್ಳಾರಿಗೆ ಸಾಗಿಸಿದರು. ಜೀವ ಉಳಿಯಿತು, ಎಡಗಣ್ಣು ಹೋಯಿತು. ಗಾಡಿಯಲ್ಲಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಅಣ್ಣ, ಏನಾಯಿತೆಂದು ಅಪ್ಪ ಕೇಳಿದಾಗ ಹೇಳಿದ್ದು: "ಬಂದೂಕು ಜಾರಿ ಬಿತ್ತಪ್ಪ." ನಾನು ಬಾಯಿ ಬಿಡಲಿಲ್ಲ. ಅಪ್ಪ, ಅವ್ವ ಆ ಮಾತನ್ನೇ ನಂಬಿಕೊಂಡು ಸತ್ತರು.

ಹೇಳಿ ಮುಗಿಸಿದಾಗ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮದುವೆಯಾದಂದಿನಿಂದ ಅವಳಿಗೂ ಗೊತ್ತಿದ್ದದ್ದು ಜಾರಿ ಬಿದ್ದ ಬಂದೂಕೇ. ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ನೋಟ್‌ಬುಕ್ ಮಡಚಿ ಒಳಗೆ ಇಟ್ಟು ಬಂದಳು. ಮಸೂದೆ ಬಿಟ್ಟಳು ಎಂದುಕೊಂಡೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಭಾನುವಾರ ಅಣ್ಣ ಬಳ್ಳಾರಿಯಿಂದ ಬಂದ. ಅಲ್ಲಿ ಹೊಲಿಗೆ ಅಂಗಡಿ ಇಟ್ಟು ಜೀವನ ಮಾಡಿದವನು. ಒಂದೇ ಕಣ್ಣಲ್ಲಿ ಲಕ್ಷಾಂತರ ಸಲ ಸೂಜಿಗೆ ದಾರ ಪೋಣಿಸಿದ್ದಾನೆ. ಮೊಮ್ಮಗಳ ಮಸೂದೆಯ ಸುದ್ದಿ ಯಾರೋ ಮುಟ್ಟಿಸಿದ್ದರು. ಬಂದವನೇ ಹಳೇ ತಮಾಷೆ ತೆಗೆದ: "ಗುರಿ ಇಡೋಕೆ ಎಲ್ಲಾರೂ ಒಂದು ಕಣ್ಣು ಮುಚ್ತಾರೆ. ಈ ದೊಡ್ಡ ತಾತಂದು ಮುಚ್ಚೇ ಐತೆ. ಮೊದಲ್ನೇ ಪದಕ ನಂದೇ."

ಪ್ರತಿ ಸಲ ಕಿಲಕಿಲ ನಗುತ್ತಿದ್ದವಳು ಈ ಸಲ ನಗಲಿಲ್ಲ. ಅಣ್ಣ ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಹೇಳಿದಿಯೇನಲೇ?"

ಹೌದೆಂದು ತಲೆಯಾಡಿಸಿದೆ.

"ಮಕ್ಕಳ ಕೈಗೆ ಸಿಗೋ ಹಂಗೆ ಇಟ್ಟು ಹೋಗಿದ್ರು ನೋಡು, ಅದು ತಪ್ಪು. ಹತ್ತು ವರ್ಷದ ಹುಡುಗಂದು ಏನು ತಪ್ಪು?" ಎಂದು ಚಹದ ಲೋಟ ಎತ್ತಿಕೊಂಡ. ಆಮೇಲೆ ಮೊಮ್ಮಗಳಿಗೆ, "ಓದವ್ವ ನಿನ್ನ ಮಸೂದೆ. ನಾನೂ ಕೇಳ್ತೀನಿ" ಎಂದ.

"ಬ್ಯಾಡ ದೊಡ್ಡ ತಾತ. ಹರಿದು ಹಾಕ್ತೀನಿ."

"ಹರಿದ್ರೆ ಏನಾಗ್ತೈತೆ? ಹೊಲದಾಗಿನ ಬಂದೂಕು ಹೋಗ್ತಾವೇನು? ಓದು."

ಅವಳು ಓದಿದಳು. ಅಣ್ಣ ನಡುನಡುವೆ ಕೇಳಿದ. ಗುರಿ ಎಷ್ಟು ದೂರ? ಹತ್ತು ಮೀಟರ್. ಎಷ್ಟು ದೊಡ್ಡದು? ಕರಾರುವಾಕ್ಕಾಗಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಅರ್ಹತಾ ಸುತ್ತಿನಲ್ಲಿ ಅದಕ್ಕೆ ಅರವತ್ತು ಸಲ ಗುರಿಯಿಡಬೇಕು. ಒಂದು ಕಣ್ಣು ಮುಚ್ಚಬೇಕಾ? ಇಲ್ಲ, ಒಳ್ಳೆಯ ಶೂಟರ್‌ಗಳು ಎರಡೂ ಕಣ್ಣು ತೆರೆದೇ ಇರುತ್ತಾರೆ, ಮುಚ್ಚಿದರೆ ಮುಖ ಬಿಗಿದು ಕಣ್ಣು ದಣಿಯುತ್ತದೆ. "ಹಂಗಾದ್ರೆ ನನ್ನ ಪದಕ ಹೋಯ್ತು" ಎಂದ ಅಣ್ಣ. ಆಗ ನಕ್ಕಳು.

ಆಮೇಲೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಸ್ಪರ್ಧೆಯ ರೇಂಜ್‌ನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಬಂದೂಕಿನ ಮೂತಿ ಯಾವಾಗಲೂ ಗುರಿಯ ಕಡೆಗೇ. ಅಧಿಕಾರಿ 'ಲೋಡ್' ಎನ್ನುವವರೆಗೆ ಯಾರೂ ಗುಂಡು ತುಂಬುವಂತಿಲ್ಲ, 'ಸ್ಟಾರ್ಟ್' ಎನ್ನುವವರೆಗೆ ಹೊಡೆಯುವಂತಿಲ್ಲ, 'ಸ್ಟಾಪ್' ಎಂದರೆ ಆ ಕ್ಷಣವೇ ನಿಲ್ಲಿಸಬೇಕು. ಹೊಡೆಯದೆ ಇರುವಾಗ ಪ್ರತಿ ಬಂದೂಕಿನ ನಳಿಗೆಯೊಳಗೂ ಉದ್ದಕ್ಕೆ ಒಂದು ಕಿತ್ತಳೆ ಬಣ್ಣದ ದಾರ ಹಾಯಿಸಿರುತ್ತಾರೆ. ಒಳಗೆ ಗುಂಡಿದ್ದರೆ ದಾರ ಆಚೆ ಬರುವುದಿಲ್ಲ. ಎರಡೂ ತುದಿ ಕಾಣುತ್ತಿದ್ದರೆ ಖಾಲಿ. ಖಾಲಿ ಇದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ದಾರ ತೋರಿಸಬೇಕು.

ಅಣ್ಣ ಆ ವಿಡಿಯೊವನ್ನು ಎರಡು ಸಲ ಹಾಕಿಸಿಕೊಂಡು ನೋಡಿದ. "ಒಂದು ದಾರ. ಅಷ್ಟೇನಾ?" ಎಂದ.

ನನಗೆ ಅಲ್ಲಿಯವರೆಗೆ ಹೊಳೆಯದಿದ್ದದ್ದು ಆಗ ಹೊಳೆಯಿತು. ನಾನು ಹೆದರಿದ್ದು ಬಂದೂಕಿಗೆ. ನಮ್ಮ ಮನೆಯನ್ನು ಕೆಡಿಸಿದ್ದು ಬಂದೂಕಿನ ಜೊತೆ ಇರಬೇಕಾಗಿದ್ದ ನಿಯಮ ಇಲ್ಲದೆ ಹೋದದ್ದು. ಗುಡಿಸಲಿನ ಮೂಲೆಯಲ್ಲಿ ನಿಯಮ ಇರಲಿಲ್ಲ, ಜಾತ್ರೆಯ ಬಲೂನು ಅಂಗಡಿಯಲ್ಲೂ ಇಲ್ಲ. ಮೊಮ್ಮಗಳು ಕೇಳುತ್ತಿದ್ದ ಜಾಗದಲ್ಲಿ ಗೋಡೆ ಇದೆ, ಬೀಗ ಇದೆ, ಕಣ್ಣಿಟ್ಟು ನೋಡುವವರಿದ್ದಾರೆ. ನಾನು ಬೇಡ ಅಂದರೆ ಅವಳ ಆಸೆ ಸಾಯುವುದಿಲ್ಲ. ಮುಂದಿನ ಜಾತ್ರೆಯಲ್ಲಿ ನಾನಿಲ್ಲದಾಗ ಮತ್ತೆ ಆ ಅಂಗಡಿಯ ಮುಂದೆ ನಿಲ್ಲುತ್ತಾಳೆ.

ಅವತ್ತು ಮಧ್ಯಾಹ್ನ ಮೂವರೂ ಕೂತು ಮಸೂದೆಯನ್ನು ಹೊಸದಾಗಿ ಬರೆದೆವು. ಮೊದಲನೇ ಕಲಂ ಅಣ್ಣನದು: ಕೇಂದ್ರದ ಬಂದೂಕು ಯಾವ ಕಾರಣಕ್ಕೂ ಯಾರ ಮನೆಗೂ ಹೋಗಕೂಡದು, ಅಭ್ಯಾಸ ಮುಗಿದ ಕೂಡಲೇ ಬೀಗದೊಳಗೆ, ಬೀಗದ ಕೈ ಇಬ್ಬರ ಬಳಿ. ಎರಡನೇದು ನನ್ನದು: ಮೊದಲ ಒಂದು ತಿಂಗಳು ಯಾವ ಮಗುವೂ ಬಂದೂಕು ಮುಟ್ಟುವಂತಿಲ್ಲ, ನಿಯಮ ಕಲಿಯಬೇಕು, ಪ್ರತಿ ಬಂದೂಕನ್ನೂ ತುಂಬಿದ ಬಂದೂಕೆಂದೇ ತಿಳಿಯಬೇಕು. ಮೂರನೇದು ನನ್ನ ಹೆಂಡತಿಯದು: ಏರ್ ರೈಫಲ್ ಗುಂಡು ಸೀಸದ್ದಂತೆ, ಹಾಗಾಗಿ ಅಭ್ಯಾಸವಾದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಏನೂ ತಿನ್ನಕೂಡದು, ಅದಕ್ಕೆ ನಲ್ಲಿಯಲ್ಲಿ ನೀರು ಬರಬೇಕು. ನಾಲ್ಕನೇದು ಮೊಮ್ಮಗಳದು: ಗಾಲಿಕುರ್ಚಿ ಒಳಗೆ ಬರುವಂತೆ ಇಳಿಜಾರು ಇರಬೇಕು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಹಿಡಿದವರು. ಅವರ ವಿಭಾಗದಲ್ಲಿ ಬಂದೂಕಿನ ಭಾರವನ್ನು ಒಂದು ಸ್ಟ್ಯಾಂಡ್ ಹೊರುತ್ತದೆ, ಗುರಿ ಮನುಷ್ಯನದ್ದೇ. "ನಮ್ಮ ಜಿಲ್ಲೆಯಲ್ಲೂ ಅಂಥವ್ರು ಇರ್ತಾರಲ್ಲ, ಅವ್ರಿಗೆ ಬಾಗಿಲು ಮುಚ್ಚಬಾರ್ದು" ಎಂದಳು.

ಕೊಡಗಿನ ಮಾತೂ ಬಂತು. ಅಲ್ಲಿ ಬಂದೂಕಿಗೆ ಕೋವಿ ಎನ್ನುತ್ತಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಊರ ಮೈದಾನದಲ್ಲಿ ಎಲ್ಲರೆದುರು ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆ ಇರುತ್ತದೆ, ಹೆಣ್ಣುಮಕ್ಕಳೂ ಹೊಡೆಯುತ್ತಾರೆ. "ಅವ್ರಿಗೆ ಹಿರೇರಿಂದ ಬಂದ ಪದ್ಧತಿ ಐತೆ. ನಮಗಿಲ್ಲ. ನಮಗೆ ಕಾಯ್ದೆನೇ ಬೇಕು" ಎಂದ ಅಣ್ಣ.

ಅಣಕು ವಿಧಾನಸಭೆಯ ದಿನ ಅಣ್ಣನೂ ನಾನೂ ಶಾಲೆಯ ಜಗಲಿಯಲ್ಲಿ ಹಿಂದೆ ನಿಂತು ನೋಡಿದೆವು. ವಿರೋಧ ಪಕ್ಷದ ಹುಡುಗನೊಬ್ಬ ಎದ್ದು ಸರಿಯಾದ ಪ್ರಶ್ನೆಯನ್ನೇ ಕೇಳಿದ: "ನಮ್ಮ ಶಾಲೆಗೆ ಕಬಡ್ಡಿ ಅಂಕಣಾನೇ ನೆಟ್ಟಗಿಲ್ಲ. ಜಿಲ್ಲೆಗೊಂದು ಬಂದೂಕಿನ ಮನೆ ಯಾಕೆ ಮಂತ್ರಿಗಳೇ?" ಸಭೆ ಮೇಜು ಕುಟ್ಟಿತು. ಕಬಡ್ಡಿ ಅಂಕಣವೂ ಬೇಕು, ಆ ಮಸೂದೆ ತಂದರೆ ನಾನೂ ಕೈ ಎತ್ತುತ್ತೇನೆ ಎಂದಳು ನಮ್ಮವಳು. ಆಮೇಲೆ, "ಕಬಡ್ಡಿ ಬಯಲಲ್ಲೂ ಕಲೀಬಹುದು, ಇದನ್ನ ಬಯಲಲ್ಲಿ ಕಲಿಯಂಗಿಲ್ಲ. ಬಯಲಲ್ಲಿ ಕಲಿತ್ರೆ ಏನಾಗುತ್ತೆ ಅಂತ ನನಗೆ ಗೊತ್ತು" ಎಂದಳು. ಹೇಗೆ ಗೊತ್ತು ಎಂದು ಹೇಳಲಿಲ್ಲ. ಹಿಂದೆ ನಿಂತಿದ್ದ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮತಕ್ಕೆ ಹಾಕುವ ಹೊತ್ತಿಗೆ ಬಿಸಿಯೂಟದ ಗಂಟೆ ಹೊಡೆಯಿತು. ಸಭಾಧ್ಯಕ್ಷರು ಮಸೂದೆಯನ್ನು ಸದನ ಸಮಿತಿಗೆ ಒಪ್ಪಿಸಿ ತಟ್ಟೆ ಹಿಡಿದು ಓಡಿದರು. ಸಮಿತಿ ಇನ್ನೂ ಸೇರಿಲ್ಲ.

ನಿಜವಾದ ವಿಧಾನಸಭೆಯಾದರೆ ಹಾದಿ ಇನ್ನೂ ಉದ್ದ. ವಿಧಾನಸಭೆಯ 224 ಮಂದಿ ಚರ್ಚಿಸಬೇಕು, ವಿಧಾನ ಪರಿಷತ್ತು ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ಬಜೆಟ್‌ನಲ್ಲಿ ದುಡ್ಡಿಡಬೇಕು. ಅಂಥ ಮಸೂದೆ ಎಂದಾದರೂ ಬಂದರೆ, ಮೊದಲು ಬೀಗದ ಕಲಂ ಓದಿ, ಆಮೇಲೆ ಪದಕದ ಮಾತು ಎಂದು ಶಾಸಕರಿಗೆ ನನ್ನ ಮನವಿ.

ಮಕ್ಕಳೇ, ಅಲ್ಲಿಯವರೆಗೆ ನಿಮಗೊಂದು ಮಾತು. ಹೊಲದಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಬಂದೂಕು ಕಂಡರೆ ಮುಟ್ಟಬೇಡಿ, ಅಲ್ಲಿಂದ ಸರಿದು ದೊಡ್ಡವರಿಗೆ ಹೇಳಿ. ಗೆಳೆಯ ಖಾಲಿ ಇದೆ ಎಂದರೆ ನಂಬಬೇಡಿ. ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಬಂದೂಕಿದ್ದರೆ ಇವತ್ತೇ ಬೀಗ ಹಾಕಿ. ಹೇಳದೆ ಉಳಿದ ಮಾತಿದ್ದರೆ ಅದನ್ನೂ ಹೇಳಿಬಿಡಿ.

ಅಣ್ಣ ಹೋದ ವಾರ ಬಂದಾಗ ಅಂಗಡಿಯಿಂದ ಒಂದು ಉಂಡೆ ಕಿತ್ತಳೆ ದಾರ ತಂದುಕೊಟ್ಟ. ಮೊಮ್ಮಗಳು ಅದನ್ನು ಮಸೂದೆಯ ನೋಟ್‌ಬುಕ್ಕಿಗೆ ಸುತ್ತಿ ಇಟ್ಟಿದ್ದಾಳೆ. ಸಮಿತಿ ಸೇರಿದ ದಿನ ಬೇಕಾಗುತ್ತದಂತೆ.